ಹಳೇ ಮಿಲಿಟರಿ ಲಾರಿಗೆ ಹೊಸ ಏರ್ ಫಿಲ್ಟರ್

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಸಾಮಾನು ಹೊತ್ತ ಜಿಎಂಸಿ ಸಿಸಿಕೆಡಬ್ಲ್ಯು ಲಾರಿಗಳನ್ನ ಕೆಲವರು ಇವತ್ತಿಗೂ ಓಡಿಸ್ತಾರೆ. ಅದರ ಏರ್ ಫಿಲ್ಟರಿನಲ್ಲಿ ಪೇಪರ್ ಇಲ್ಲ, ಎಣ್ಣೆ ಇದೆ! ಒಳಗೆ ಬಂದ ಗಾಳಿ ಎಣ್ಣೆಯ ಮೇಲೆ ಗಕ್ಕನೆ ತಿರುಗುತ್ತೆ. ಭಾರದ ಧೂಳು ಅಷ್ಟು ಬೇಗ ತಿರುಗೋಕಾಗದೆ ಎಣ್ಣೆಗೆ ಬೀಳುತ್ತೆ. ಪಿಯುಸಿಯಲ್ಲಿ ಓದಿದ ಇನರ್ಶಿಯಾ, ಅಷ್ಟೇ. ಆದ್ರೆ ಎಂಜಿನ್ ನಿಧಾನ ಇದ್ದಾಗ ಗಾಳಿಯ ವೇಗ ಸಾಲದು, ಸಣ್ಣ ಧೂಳು ತಪ್ಪಿಸಿಕೊಳ್ಳುತ್ತೆ. ಅದಕ್ಕೇ ಪೇಪರ್ ಫಿಲ್ಟರ್ ಹಾಕೋ ಆಸೆ.

ಎಷ್ಟು ದೊಡ್ಡದು ಬೇಕು? ಎಂಜಿನ್ 4.4 ಲೀಟರ್, ಫೋರ್ ಸ್ಟ್ರೋಕ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಮ್ಮೆ ಅಷ್ಟು ಗಾಳಿ ಎಳೆಯುತ್ತೆ. 2500 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 5500 ಲೀಟರ್. ಇದನ್ನ ಸಲೀಸಾಗಿ ಬಿಡದ ಫಿಲ್ಟರ್ ಹಾಕಿದ್ರೆ ಎಂಜಿನ್ ಉಸಿರುಗಟ್ಟಿ ಪವರ್ ಇಳಿಯುತ್ತೆ.

ನನ್ನ ಪ್ರಕಾರ ಫಿಲ್ಟರಿಗಿಂತ ಮುಖ್ಯ, ಅದರಿಂದ ಕಾರ್ಬ್ಯುರೇಟರಿಗೆ ಹೋಗೋ ಪೈಪು. ಎಂಜಿನ್ನಿನ ಎಳೆತಕ್ಕೆ ಅದರೊಳಗಿನ ಒತ್ತಡ ಹೊರಗಿಗಿಂತ ಕಮ್ಮಿ ಇರುತ್ತೆ. ಕ್ಲ್ಯಾಂಪ್ ಸ್ವಲ್ಪ ಸಡಿಲ ಇದ್ರೂ ಸಾಕು, ಧೂಳು ನೇರ ಒಳಗೆ ಹೋಗಿ ಪಿಸ್ಟನ್ ರಿಂಗು, ಸಿಲಿಂಡರನ್ನ ಸ್ಯಾಂಡ್ ಪೇಪರ್ ಹಾಗೆ ಉಜ್ಜುತ್ತೆ. ಹಿಸುಕಿದರೆ ಚಪ್ಪಟೆಯಾಗೋ ರಬ್ಬರ್ ಪೈಪೂ ಬೇಡ.

ಅಂದಹಾಗೆ, ಬಿಚ್ಚಿದ ಎಣ್ಣೆ ಫಿಲ್ಟರನ್ನ ಗುಜರಿಗೆ ಹಾಕಬೇಡಿ. ಲಾರಿ ಮತ್ತೆ ಮೊದಲಿನ ಹಾಗೇ ಆಗಬೇಕು ಅಂದ್ರೆ ಅದೇ ಬೇಕು.