ಕೆಮ್ಮುತ್ತಿದ್ದ ಅಂಬಾಸಿಡರ್

ನಮ್ಮ ಮನೆಯ ಶೆಡ್ಡಿನಲ್ಲಿ 1982ನೇ ಇಸವಿಯ ಬಿಳಿ ಅಂಬಾಸಿಡರ್ ಇದೆ. ಮಗ ಹೊಸ ಕಾರು ತಂದ ಮೇಲೆ ಅದಕ್ಕೆ ಹೆಚ್ಚು ಕೆಲಸವಿಲ್ಲ. ಆದರೂ ಪ್ರತಿ ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ, ಶೆಡ್ಡಿನ ಬಾಗಿಲು ತೆರೆದು, ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುತ್ತಿದ್ದೆ. ಗಾಡಿಯ ಆರೋಗ್ಯಕ್ಕೆ ಅದೇ ಔಷಧ ಎಂದು ನಂಬಿದ್ದೆ.

ಕಳೆದ ದಸರಾ ರಜೆಯಲ್ಲಿ ಐದನೇ ಕ್ಲಾಸಿನ ಮೊಮ್ಮಗಳನ್ನು ಕೂರಿಸಿಕೊಂಡು ಮೈಸೂರಿನಿಂದ ನಂಜನಗೂಡಿಗೆ ಹೊರಟೆ. ಜಿಟಿಜಿಟಿ ಮಳೆ. ಕಿಟಕಿಯ ಗಾಜುಗಳನ್ನೆಲ್ಲ ಏರಿಸಿದ್ದೆವು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಗಾಡಿ 'ಟಸ್ ಟಸ್' ಎಂದು ಕೆಮ್ಮುತ್ತಿತ್ತು. ವಯಸ್ಸಾಯಿತಲ್ಲ, ಇರಲಿ ಎಂದುಕೊಂಡೆ. ಅರ್ಧ ದಾರಿಯಲ್ಲಿ ಹಿಂದಿನ ಸೀಟಿನಿಂದ ಸಣ್ಣ ದನಿ ಬಂತು: "ತಾತ, ತಲೆ ನೋಯ್ತಿದೆ. ವಾಂತಿ ಬರೋ ಹಾಗಿದೆ."

ಗಾಡಿ ನಿಲ್ಲಿಸಿ ಅವಳನ್ನು ಹೊರಗೆ ಗಾಳಿಯಲ್ಲಿ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಮುಖ ಗೆಲುವಾಯಿತು. ಮಗನಿಗೆ ಫೋನ್ ಮಾಡಿ ಅವಳನ್ನು ಅವನ ಕಾರಿನಲ್ಲಿ ಕಳಿಸಿದೆ. ನಾನು ಗಾಜುಗಳನ್ನೆಲ್ಲ ಇಳಿಸಿಕೊಂಡು ನಿಧಾನವಾಗಿ ಗ್ಯಾರೇಜಿಗೆ ಹೋದೆ.

ಮೇಸ್ತ್ರಿ ಬಾನೆಟ್ ಎತ್ತಿ, ಎಂಜಿನ್ನಿನ ಪಕ್ಕದಲ್ಲಿ ಕಾಡಿಗೆ ತೀಡಿದ ಹಾಗಿದ್ದ ಕಪ್ಪು ಗೆರೆಗಳನ್ನು ತೋರಿಸಿದರು. ಆಮೇಲೆ ಗಾಡಿಯ ಕೆಳಗೆ ನುಸುಳಿ ಪೈಪನ್ನು ಸ್ಕ್ರೂಡ್ರೈವರಿನಿಂದ ಒತ್ತಿದರು. ಅದು ಹಪ್ಪಳದಂತೆ ಮುರಿದು ಒಳಗೆ ಹೋಯಿತು.

"ಯಜಮಾನ್ರೇ, ಮಗೂಗೆ ಬಂದಿದ್ದು ಪ್ರಯಾಣದ ತಲೆಸುತ್ತಲ್ಲ. ಹೊಗೆ ಹಿಂದೆ ಹೋಗೋ ಬದಲು ಒಳಗೆ ಬರ್ತಿತ್ತು" ಎಂದರು.

ಹೊಗೆಯ ದಾರಿ

ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹುಟ್ಟಿದ ಗಾಡಿ. ಕೋಲ್ಕತ್ತದ ಹತ್ತಿರದ ಉತ್ತರಪಾರಾದಲ್ಲಿ 1957ರಿಂದ 2014ರವರೆಗೆ ತಯಾರಾಯಿತು. ನಮ್ಮ ಗಾಡಿಯಲ್ಲಿರುವುದು ನಾಲ್ಕು ಸಿಲಿಂಡರಿನ, 1489 ಸಿಸಿ ಪೆಟ್ರೋಲ್ ಎಂಜಿನ್.

ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದ ಮೇಲೆ ಉಳಿಯುವ ಬಿಸಿ ಅನಿಲ ಹೊರಗೆ ಹೋಗಲೇಬೇಕು. ಎಂಜಿನ್ ಸುಮ್ಮನೆ ನಿಂತು ಗುರುಗುಡುವಾಗ ನಿಮಿಷಕ್ಕೆ 800 ಸುತ್ತು ತಿರುಗುತ್ತದೆ ಎನ್ನಿ. ಪ್ರತಿ ಸುತ್ತಿಗೆ ಎರಡು ಸಿಲಿಂಡರು ಉಸಿರು ಬಿಡುತ್ತವೆ. ಅಂದರೆ ನಿಮಿಷಕ್ಕೆ 1600 ಉಸಿರು! ಮಕ್ಕಳೇ, ಸೆಕೆಂಡಿಗೆ ಎಷ್ಟಾಯಿತು, ಲೆಕ್ಕ ಹಾಕಿ.

ಈ ಉಸಿರನ್ನೆಲ್ಲ ಒಟ್ಟುಗೂಡಿಸುವುದು ಎಕ್ಸಾಸ್ಟ್ ಮ್ಯಾನಿಫೋಲ್ಡ್. ಅಂಗೈ ಮತ್ತು ಬೆರಳುಗಳ ಹಾಗಿರುವ ಎರಕದ ಕಬ್ಬಿಣದ ಭಾಗ ಅದು. ಅಂಬಾಸಿಡರಿನಲ್ಲಿ ಇದಕ್ಕೆ ಮೂರೇ ಬೆರಳು, ಏಕೆಂದರೆ ಮಧ್ಯದ ಎರಡು ಸಿಲಿಂಡರುಗಳಿಗೆ ಒಂದೇ ದಾರಿ. ಅಲ್ಲಿಂದ ಅನಿಲ ಕೆಳಗಿನ ಪೈಪಿಗೆ, ಸದ್ದು ನುಂಗುವ ಸೈಲೆನ್ಸರಿಗೆ, ಕೊನೆಗೆ ಬಾಲದ ಪೈಪಿನಿಂದ ಹೊರಗೆ.

ಆ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಮಂಪರು. ಮುಂದೆ ಪ್ರಾಣಕ್ಕೇ ಅಪಾಯ. 'ವಯಸ್ಸಾಯಿತು, ಇರಲಿ' ಎಂದುಕೊಂಡಿದ್ದೆನಲ್ಲ, ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ನನ್ನ ಔಷಧವೇ ವಿಷವಾಗಿತ್ತು

"ಪೈಪು ಹೊರಗಿನಿಂದ ಚೆನ್ನಾಗೇ ಇದೆಯಲ್ಲ, ಒಳಗೆ ಹೇಗೆ ಕೊಳೀತು?" ಮರುದಿನ ನನ್ನ ಜೊತೆ ಗ್ಯಾರೇಜಿಗೆ ಬಂದ ಮೊಮ್ಮಗಳ ಪ್ರಶ್ನೆ.

"ನೀರಿನಿಂದ, ಪುಟ್ಟಿ" ಎಂದರು ಮೇಸ್ತ್ರಿ.

ಬೆಂಕಿಯಿಂದ ನೀರೇ? ಹೌದು. ಪೆಟ್ರೋಲಿನಲ್ಲಿ ಹೈಡ್ರೋಜನ್ ಇದೆ. ಉರಿಯುವಾಗ ಅದು ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು! ದೂರ ಓಡುವ ಗಾಡಿಯಲ್ಲಿ ಪೈಪು ಚೆನ್ನಾಗಿ ಕಾಯುವುದರಿಂದ ಅದು ಆವಿಯಾಗಿ ಹೋಗುತ್ತದೆ. ಐದೇ ನಿಮಿಷ ಓಡಿಸಿ ನಿಲ್ಲಿಸಿದರೆ ಆವಿ ತಣ್ಣಗಿನ ಪೈಪಿನೊಳಗೇ ಹನಿಗಟ್ಟಿ, ಸೈಲೆನ್ಸರಿನಲ್ಲಿ ನಿಂತು, ತುಕ್ಕು ಹಿಡಿಸುತ್ತದೆ.

ನನ್ನ ಭಾನುವಾರದ ಐದು ನಿಮಿಷಗಳೇ ಪೈಪನ್ನು ತಿಂದುಹಾಕಿದ್ದವು. ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಸೈಲೆನ್ಸರ್ ನೋಡಿದೆ.

ಬಿಚ್ಚುವಾಗ ತಾಳ್ಮೆ

ಮೇಸ್ತ್ರಿ ಆತುರಪಡಲಿಲ್ಲ. ಹಿಂದಿನ ಸಂಜೆಯೇ ತುಕ್ಕು ಹಿಡಿದ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯೆಲ್ಲ ನೆನೆಯಲು ಬಿಟ್ಟಿದ್ದರು. ಬಲವಂತ ಮಾಡಿದರೆ ನಟ್ಟು ಬರುವ ಬದಲು ಸ್ಟಡ್ ಮುರಿದು ಎಂಜಿನ್ ಹೆಡ್ಡಿನಲ್ಲೇ ಉಳಿಯುತ್ತದೆ. ಆಗ ಒಂದು ಗಂಟೆಯ ಕೆಲಸ ಒಂದು ದಿನದ್ದಾಗುತ್ತದೆ.

ಗಾಡಿ ಪೂರ್ತಿ ತಣ್ಣಗಿತ್ತು. ಚಕ್ರಗಳಿಗೆ ಅಡೆಗಟ್ಟೆ ಕೊಟ್ಟು, ಜಾಕಿಯಿಂದ ಎತ್ತಿ, ಗಟ್ಟಿಮುಟ್ಟಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದರು. "ಜಾಕಿ ಇರೋದು ಎತ್ತೋದಕ್ಕೆ, ಹೊರೋದಕ್ಕಲ್ಲ" ಎಂದರು.

ಬಿಚ್ಚಿದ ಮ್ಯಾನಿಫೋಲ್ಡನ್ನು ಉಜ್ಜಿ, ಅದು ಎಂಜಿನ್ನಿಗೆ ಕೂರುವ ಮುಖದ ಮೇಲೆ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿದರು. ಮೊಮ್ಮಗಳ ಕೈಗೆ ಟಾರ್ಚ್ ಕೊಟ್ಟು, "ಹಿಂದಿನಿಂದ ಬೆಳಕು ಬಿಡು, ಸಂದಿ ಕಾಣುತ್ತಾ ನೋಡು" ಎಂದರು.

"ಕಾಣ್ತಿದೆ! ಕೊನೆಯಲ್ಲಿ ಒಂದು ಗೆರೆ ಬೆಳಕು!"

ಹೊಗೆ ಸೋರುತ್ತಿದ್ದ ಇನ್ನೊಂದು ಜಾಗ ಸಿಕ್ಕಿತು. ಅರ್ಧ ಮೀಟರ್ ಉದ್ದದ ಎರಕದ ಕಬ್ಬಿಣ 500 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಸುಮಾರು ಎರಡೂವರೆ ಮಿಲಿಮೀಟರ್ ಉದ್ದವಾಗುತ್ತದೆ, ತಣಿದಾಗ ಕುಗ್ಗುತ್ತದೆ. ವರ್ಷಗಟ್ಟಲೆ ಹೀಗೆ ಹಿಗ್ಗಿ ಕುಗ್ಗಿ ನಮ್ಮದು ಸೊಟ್ಟಗಾಗಿತ್ತು. ಲೇತ್ ಅಂಗಡಿಗೆ ಕಳಿಸಿ ಮುಖವನ್ನು ಮಟ್ಟ ಮಾಡಿಸಿದೆವು.

ಕೂರಿಸುವಾಗ ಕ್ರಮ

ಮೊದಲು ಸ್ಟಡ್‌ಗಳ ಮೇಲೆ ಹೊಸ ಗ್ಯಾಸ್ಕೆಟ್, ಅದರ ಮೇಲೆ ಮ್ಯಾನಿಫೋಲ್ಡ್. ಈ ಎಂಜಿನ್ನಿನಲ್ಲಿ ಗಾಳಿ ಒಳಗೆ ಬರುವ ಇನ್‌ಲೆಟ್ ಮ್ಯಾನಿಫೋಲ್ಡ್ ಕೂಡ ಅದೇ ಪಕ್ಕದಲ್ಲಿದೆ. ಕೆಲವು ದಪ್ಪ ವಾಷರುಗಳ ಅರ್ಧ ಭಾಗ ಇದರ ಮೇಲೆ, ಇನ್ನರ್ಧ ಅದರ ಮೇಲೆ ಕೂರುತ್ತದೆ. ಎರಡರ ದಪ್ಪ ಒಂದೇ ಇರದಿದ್ದರೆ ಒಂದು ಬಿಗಿಯಾಗಿ ಇನ್ನೊಂದು ಸಡಿಲವಾಗಿ ಉಳಿಯುತ್ತದೆ. ಮೇಸ್ತ್ರಿ ಎರಡನ್ನೂ ಅಳೆದೇ ಕೂರಿಸಿದರು. ನಟ್ಟುಗಳು ಹಿತ್ತಾಳೆಯವು, ಏಕೆಂದರೆ ಅವು ತುಕ್ಕು ಹಿಡಿದು ಸ್ಟಡ್ಡಿಗೆ ಕಚ್ಚಿಕೊಳ್ಳುವುದಿಲ್ಲ.

ಯಾವ ನಟ್ಟನ್ನೂ ಆಗಲೇ ಬಿಗಿಯಲಿಲ್ಲ, ಬೆರಳಲ್ಲಿ ತಿರುಗಿಸಿ ಬಿಟ್ಟರು. ಕೆಳಗಿನ ಪೈಪು, ಸೈಲೆನ್ಸರ್, ಬಾಲದ ಪೈಪು ಎಲ್ಲವನ್ನೂ ಹಾಗೆಯೇ ಸಡಿಲವಾಗಿ ಸೇರಿಸಿ, ರಬ್ಬರಿನ ತೂಗುಪಟ್ಟಿಗಳಿಗೆ ನೇತುಹಾಕಿದರು. ಎಂಜಿನ್ ಓಡುವಾಗ ಅಲುಗುತ್ತದೆ, ಪೈಪೂ ಅದರ ಜೊತೆ ಅಲುಗಬೇಕು. ಅದಕ್ಕೇ ರಬ್ಬರು. ಪೈಪು ಎಲ್ಲೂ ಗಾಡಿಯ ತಳಕ್ಕೆ ತಾಗದಂತೆ ಬೆರಳು ಹಿಡಿಸುವಷ್ಟು ಜಾಗ ಇದೆಯೇ ಎಂದು ಉದ್ದಕ್ಕೂ ನೋಡಿದರು.

"ಎಳೆದು ತಂದು ಬಿಗಿದರೆ ಇನ್ನೊಂದು ಕಡೆ ಒಡೆಯುತ್ತೆ. ಅದು ತಾನಾಗಿ ಕೂರಬೇಕು."

ಆಮೇಲೆ ಬಿಗಿಯುವ ಸರದಿ. ಮ್ಯಾನಿಫೋಲ್ಡನ್ನು ಮಧ್ಯದ ನಟ್ಟಿನಿಂದ ಶುರುಮಾಡಿ ಎರಡೂ ಬದಿಗೆ, ಸ್ವಲ್ಪ ಸ್ವಲ್ಪವಾಗಿ ಮೂರು ಸುತ್ತು.

"ನೋಟ್‌ಬುಕ್ಕಿಗೆ ಲೇಬಲ್ ಅಂಟಿಸೋ ಹಾಗೆ!" ಎಂದಳು ಮೊಮ್ಮಗಳು. ಸರಿಯೇ. ಲೇಬಲನ್ನು ನಡುವಿನಿಂದ ಅಂಚಿಗೆ ಸವರಿದರೆ ಗುಳ್ಳೆ ಉಳಿಯುವುದಿಲ್ಲ. ಕೊನೆಗೆ ಉಳಿದ ಜೋಡಣೆಗಳನ್ನು ಮುಂದಿನಿಂದ ಹಿಂದಕ್ಕೆ ಬಿಗಿದರು.

ಎಂಜಿನ್ ಶುರುವಾಯಿತು. ಮೇಸ್ತ್ರಿ ದಪ್ಪ ಕೈಗವಸು ಹಾಕಿ, ಮಡಿಸಿದ ಗೋಣಿಯನ್ನು ಬಾಲದ ಪೈಪಿಗೆ ಒಂದೆರಡು ಸೆಕೆಂಡು ಒತ್ತಿ ಕಿವಿಗೊಟ್ಟರು. ಎಲ್ಲೂ 'ಟಸ್' ಎನ್ನಲಿಲ್ಲ. ಗಾಡಿ ಬಿಸಿಯಾಗಿ, ಮತ್ತೆ ತಣ್ಣಗಾದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ನೋಡಿದರು. ಎರಡು ನಟ್ಟು ಸ್ವಲ್ಪ ಸಡಿಲವಾಗಿದ್ದವು.

ಮುಂದಿನ ಭಾನುವಾರ ಅವಳೇ ಕಾರಿನ ಹತ್ತಿರ ನಿಂತಿದ್ದಳು. "ಐದು ನಿಮಿಷ ಅಲ್ಲ ತಾತ, ಅರ್ಧ ಗಂಟೆ. ನಂಜನಗೂಡು ಬಾಕಿ ಇದೆ." ಮಳೆಯಿರಲಿಲ್ಲ. ಆದರೂ ತನ್ನ ಕಡೆಯ ಗಾಜನ್ನು ಅರ್ಧ ಇಳಿಸಿಕೊಂಡೇ ಕೂತಳು.

ನೆನಪಿರಲಿ

* ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬಾರದು.
* ಕಾರಿನಲ್ಲಿ ತಲೆನೋವು, ವಾಕರಿಕೆ, ಮಂಪರು ಬಂದರೆ ಕೂಡಲೇ ನಿಲ್ಲಿಸಿ ಹೊರಗೆ ಬನ್ನಿ. ಕಡಿಮೆಯಾಗದಿದ್ದರೆ ವೈದ್ಯರ ಬಳಿ ಹೋಗಿ. ಗಾಡಿಯನ್ನು ತೋರಿಸದೆ ಮತ್ತೆ ಹತ್ತಬೇಡಿ.
* ಸದ್ದು ಬದಲಾದರೆ, ಜೋಡಣೆಗಳ ಬಳಿ ಕಪ್ಪು ಮಸಿ ಕಂಡರೆ ಮೆಕ್ಯಾನಿಕ್ಕಿಗೆ ತೋರಿಸಿ.
* ಮಕ್ಕಳೇ, ಓಡಿ ಬಂದ ಗಾಡಿಯ ಪೈಪು ಮುಟ್ಟಬೇಡಿ. ಜಾಕಿಯ ಮೇಲಿರುವ ಗಾಡಿಯ ಕೆಳಗೆ ಹೋಗಬೇಡಿ. ಟಾರ್ಚ್ ಹಿಡಿಯಿರಿ, ಪ್ರಶ್ನೆ ಕೇಳಿ.