ಪಾಟಾ ಪುರಾಣ

ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಲಿಂಬೆ ಮಾರುಕಟ್ಟೆಗೆ ಬರುವ ಪಿಕಪ್‌ಗಳನ್ನು ಹಿಂದಿನಿಂದ ನೋಡಬೇಕು. ಖಾಲಿ ಇದ್ದಾಗ ಹಿಂಭಾಗ ಮೇಲೆದ್ದು, ಮೂತಿ ನೆಲಕ್ಕೆ ಬಾಗಿ, ಹಾಯಲು ನಿಂತ ಹೋರಿಯ ಹಾಗೆ ಕಾಣುತ್ತವೆ. ಚೀಲ ಬಿದ್ದಂತೆಲ್ಲ ಹಿಂಭಾಗ ಇಷ್ಟಿಷ್ಟೇ ಇಳಿದು, ಕೊನೆಯ ಚೀಲಕ್ಕೆ ಗಾಡಿ ನೆಟ್ಟಗಾಗುತ್ತದೆ. ಕಂಪನಿ ಅದನ್ನು ಹೀಗೆ ಮಾಡಿ ಕಳಿಸಿದ್ದಲ್ಲ. ಮನೆಗೆ ಬಂದ ಹೊಸತರಲ್ಲೇ ಅದನ್ನು ರಸ್ತೆಬದಿಯ ಕಮಾನು ಅಂಗಡಿಗೆ ಒಯ್ದು ಒಂದೋ ಎರಡೋ ಪಾಟಾ, ಅಂದರೆ ಕಮಾನಿನ ಉಕ್ಕಿನ ಪಟ್ಟಿ, ಹೆಚ್ಚಿಗೆ ಹಾಕಿಸುವುದು ಈ ಭಾಗದ ರೂಢಿ. ತೆಂಗಿನಕಾಯಿ ಒಡೆದು ಪೂಜೆ ಮಾಡಿಸುವುದು ಎಷ್ಟು ಖಂಡಿತವೋ ಇದೂ ಹೆಚ್ಚುಕಡಿಮೆ ಅಷ್ಟೇ ಖಂಡಿತ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದೇ ಪಿಕಪ್ಪಿಗೆ ಜನ ತದ್ವಿರುದ್ಧ ಮಾಡುತ್ತಾರೆ. ಅರವತ್ತು ಎಪ್ಪತ್ತು ವರ್ಷದ ಹಳೇ ಷೆವರ್ಲೆಯನ್ನೋ ಫೋರ್ಡನ್ನೋ ಹುಡುಕಿ ತಂದು, ಪಾಟಾ ತೆಗೆದು, ಚಾಸಿ ಕೊಯ್ದು, ಬಾಗಿಲ ಕೆಳಗಿನ ಮೆಟ್ಟಿಲು ಡಾಂಬರಿಗೆ ತಾಗುವಷ್ಟು ಇಳಿಸುತ್ತಾರೆ. ಹೊರೆ ಹೊರಲೆಂದೇ ಹುಟ್ಟಿದ ಗಾಡಿ ಹೊರೆಯ ಹಂಗು ತೊರೆದು ಮೆರವಣಿಗೆಗೆ ಹೊರಡುತ್ತದೆ. ಮೆಕ್ಸಿಕೊ ಮೂಲದ ಯುವಕರು ಬೆಳೆಸಿದ ಈ ಶೋಕಿಗೆ 1958ರಲ್ಲಿ ಅಲ್ಲಿನ ಸರ್ಕಾರ ಮೂಗುದಾರ ಹಾಕಿತು: ಗಾಲಿಯ ರಿಮ್ಮಿನ ಕೆಳ ಅಂಚಿಗಿಂತ ಗಾಡಿಯ ಯಾವ ಭಾಗವೂ ಕೆಳಗಿರಬಾರದು. ಮರುವರ್ಷವೇ ರಾನ್ ಅಗಿರೆ ಎಂಬಾತ ವಿಮಾನದ ಗುಜರಿಯಿಂದ ಹೈಡ್ರಾಲಿಕ್ ಪಂಪು, ವಾಲ್ವು ತಂದು ತನ್ನ ಕಾರ್ವೆಟ್ ಕಾರಿಗೆ ಜೋಡಿಸಿದ. ಪೊಲೀಸರು ಕಂಡರೆ ಗುಂಡಿ ಒತ್ತಿದರಾಯಿತು, ಗಾಡಿ ಎದ್ದು ನಿಲ್ಲುತ್ತದೆ. ಅವರು ಅತ್ತ ಹೋದರೆ ಮತ್ತೆ ಕೂರುತ್ತದೆ.

ಕೇಳಿದರೆ ನಗು ಬರಬಹುದು. ಆದರೆ ಗಾಡಿ ಇಳಿಸುವುದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗೆ ಹೊಸದೇನಲ್ಲ. ಇಲ್ಲಿ ಮೊದಲು ಇಳಿದದ್ದು ಚಕ್ಕಡಿ.

ಹಳೇ ಚಕ್ಕಡಿಯ ಕಟ್ಟಿಗೆಯ ಗಾಲಿ ಆಳಿನ ಎದೆಮಟ್ಟ. ಅದಕ್ಕೆ ಕಾರಣ ಎರಿ ಭೂಮಿ. ಮಳೆ ಬಿದ್ದರೆ ಎರಿ ಮಣ್ಣು ಅಂಟಿನಂತೆ ಹಿಡಿಯುತ್ತದೆ. ಗಾಲಿ ಎತ್ತರವಿದ್ದಷ್ಟೂ ಕೆಸರು, ಕೊರಕಲು ದಾಟುವುದು ಎತ್ತುಗಳಿಗೆ ಹಗುರ. ಬಡಿಗ್ಯಾರರು ಗಾಲಿ ಮಾಡಿಕೊಟ್ಟ ಮೇಲೆ ಕಮ್ಮಾರರ ಸರದಿ. ಕಬ್ಬಿಣದ ಹಳಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿಯೇ ಬೆಸೆದು, ಸುತ್ತ ಕುಳ್ಳು ಒಟ್ಟಿ ಬೆಂಕಿ ಕೊಡುತ್ತಿದ್ದರು. ಕೆಂಪಗೆ ಹಿಗ್ಗಿದ ಹಳಿಯನ್ನು ನಾಲ್ಕು ಮಂದಿ ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ ನೀರು ಸುರಿದರೆ, ಬುಸ್ಸೆಂದು ಕುಗ್ಗಿ ಗಾಲಿಯ ಕೀಲುಕೀಲನ್ನೂ ಹಿಡಿದುಬಿಡುತ್ತಿತ್ತು. ಮೊಳೆ ಬೇಡ, ಅಂಟು ಬೇಡ. ಇಷ್ಟೆಲ್ಲ ಜಾಣ್ಮೆಯ ಚಕ್ಕಡಿಗೆ ಇಲ್ಲದ್ದು ಒಂದೇ, ಕಮಾನು. ಕಲ್ಲಿನ ಮೇಲೆ ಹತ್ತಿದ ಏಟು ನೇರ ಕೂತವರ ಬೆನ್ನಿಗೆ, ಎತ್ತಿನ ಹೆಗಲಿಗೆ.

ಆಮೇಲೆ ಗಾಳಿ ತುಂಬಿದ ಟಾಯರ್ ಬಂತು. ಲಾರಿಯ ಹಳೇ ಅಚ್ಚು, ಹಳೇ ಟಾಯರ್ ಹಾಕಿ ಕಟ್ಟಿದ ಗಾಡಿಯ ಹಾಸು ನೆಲಕ್ಕೆ ಹತ್ತಿರವಾಯಿತು. ಕಬ್ಬಿನ ಹೊರೆಯನ್ನು ತಲೆಯ ಮೇಲೆ ಹೊತ್ತು ಗಾಡಿಗೆ ಹೇರುವವರಿಗೆ ಆ ಒಂದೂವರೆ ಎರಡು ಅಡಿಯ ವ್ಯತ್ಯಾಸ ಎಂಥದೆಂದು ಹೇರಿದವರೇ ಹೇಳಬೇಕು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ತಮ್ಮ ಬದುಕಿನ ದೊಡ್ಡ ಪಾಲನ್ನು ಎತ್ತಿನ ಗಾಡಿಯ ಸುಧಾರಣೆಗೆ ಕೊಟ್ಟರು. ಮ್ಯಾನೇಜ್‌ಮೆಂಟ್ ಕಲಿಸುವವರಿಗೆ ನೊಗದ ಚಿಂತೆ ಏಕೆ ಎಂದು ನಕ್ಕವರಿದ್ದರು. ದೇಶದ ಸರಕು ಸಾಗಣೆಯಲ್ಲಿ ಎತ್ತಿನ ಪಾಲು ಎಷ್ಟು ದೊಡ್ಡದೆಂದು ಲೆಕ್ಕ ಹಾಕಿ ತೋರಿಸಿದವರಲ್ಲಿ ಅವರು ಮುಂಚೂಣಿಯವರು. ಕಬ್ಬಿನ ಹಂಗಾಮಿನಲ್ಲಿ ಇಂಡಿ ತಾಲ್ಲೂಕಿನ ಮರಗೂರಿನ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಕಡೆ ಈಗ ಟ್ರ್ಯಾಕ್ಟರ್ ಟ್ರೇಲರ್‌ಗಳದ್ದೇ ದರ್ಬಾರು. ಆದರೂ ತಗ್ಗು ಹಾಸಿನ ಲೆಕ್ಕ ಮೊದಲು ಹಾಕಿದ್ದು ಟಾಯರ್ ಗಾಡಿಯೇ.

ಮೋಟಾರು ಗಾಡಿಯ ಕಥೆ ಮುಂಬಯಿಯದು. ವಿಜಯಪುರ ಜಿಲ್ಲೆ 1956ರ ವರೆಗೆ ಮುಂಬಯಿ ಆಡಳಿತದಲ್ಲೇ ಇತ್ತು. ಆ ಮುಂಬಯಿಯಲ್ಲಿ ಜನರಲ್ ಮೋಟರ್ಸ್ ಕಂಪನಿ 1928ರಿಂದ 1954ರ ವರೆಗೆ ಷೆವರ್ಲೆ ಕಾರು, ಲಾರಿ, ಬಸ್ಸುಗಳನ್ನು ಬಿಡಿಭಾಗಗಳಿಂದ ಜೋಡಿಸಿ ಮಾರುತ್ತಿತ್ತು. ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಇಂದು ನೆಲಕ್ಕಿಳಿದು ಮೆರೆಯುತ್ತಿರುವ ಪಿಕಪ್‌ಗಳ ದಾಯಾದಿಗಳು ನಮ್ಮ ದೇಶದ ಧೂಳನ್ನೂ ಕುಡಿದಿವೆ. ಮುಂದೆ ಮಹೀಂದ್ರಾ ಜೀಪು ಬಂತು, 1954ರಲ್ಲಿ ಟಾಟಾ ಮರ್ಸಿಡಿಸ್ ಲಾರಿ, 1986ರಲ್ಲಿ ಟಾಟಾ 407, 2005ರಲ್ಲಿ ಟಾಟಾ ಏಸ್. ಎಂಜಿನ್ ಬದಲಾಯಿತು, ಮೂತಿ ಬದಲಾಯಿತು. ಹಿಂದಿನ ಅಚ್ಚಿನ ಮೇಲೆ ಹೊರೆ ಹೊರುವ ಪಾಟಾ ಮಾತ್ರ ಕದಲಲಿಲ್ಲ.

ಈ ಪಾಟಾದ ವೈದ್ಯರು ಹೆದ್ದಾರಿಯ ಬದಿಯಲ್ಲಿ ಸಿಗುತ್ತಾರೆ. ಸೊಲ್ಲಾಪುರದ ಕಡೆ ಹೋಗುವ 52ನೇ ಹೆದ್ದಾರಿ, ಸಿಂದಗಿ ಹಾದು ಕಲಬುರಗಿಗೆ ಹೋಗುವ 50ನೇ ಹೆದ್ದಾರಿ, ಇವುಗಳ ಕ್ರಾಸುಗಳಲ್ಲಿ ಪಂಕ್ಚರ್ ಅಂಗಡಿ, ಚಹಾದಂಗಡಿಯ ಸಾಲಿನಲ್ಲೇ ಕಮಾನು ಅಂಗಡಿಯೂ ಇರುತ್ತದೆ. ಬೋರ್ಡು ಇಲ್ಲದಿದ್ದರೂ ಗುರುತು ಸಿಗುತ್ತದೆ: ಗೋಡೆಗೆ ಒರಗಿಸಿದ ಬಾಗಿದ ಉಕ್ಕಿನ ಪಟ್ಟಿಗಳು, ಎಣ್ಣೆ ಕುಡಿದು ಕಪ್ಪಾದ ನೆಲ, ಒಂದು ಇದ್ದಿಲ ಒಲೆ, ಒಂದು ಅಡಿಗಲ್ಲು. ‘ಎಷ್ಟ ಹೇರ್ತೀರಿ ಸಾವ್ಕಾರ್ರ?’ ಎಂಬುದು ಮಿಸ್ತ್ರಿಯ ಮೊದಲ ಪ್ರಶ್ನೆ. ಗಾಡಿಯ ಕಾಗದದಲ್ಲಿ ಬರೆದ ತೂಕ ಅವರಿಗೆ ಬೇಡ, ನಿಜವಾಗಿ ಹೇರುವ ತೂಕ ಬೇಕು.

ಪಾಟಾ ಸೆಟ್ಟನ್ನು ಬಿಚ್ಚಿ ನೆಲದ ಮೇಲೆ ಹರಡಿದರೆ ಅದರ ಗುಟ್ಟು ತಿಳಿಯುತ್ತದೆ. ಎಲ್ಲಕ್ಕಿಂತ ಉದ್ದದ್ದು ಮೇನ್ ಪಾಟಾ. ಅದರ ಎರಡೂ ತುದಿ ಸುರುಳಿ ಸುತ್ತಿ ಕಣ್ಣಾಗಿರುತ್ತವೆ, ಕಣ್ಣಿನೊಳಗೆ ಬುಶ್ ಮತ್ತು ಪಿನ್ನು. ಅದರ ಕೆಳಗೆ ಒಂದಕ್ಕಿಂತ ಒಂದು ಗಿಡ್ಡ ಪಟ್ಟಿಗಳು. ನಡುವೆ ತೂತು, ತೂತಿನಲ್ಲಿ ಸೆಂಟರ್ ಬೋಲ್ಟು. ಇಡೀ ಕಟ್ಟನ್ನು ಅಚ್ಚಿಗೆ ಬಿಗಿಯುವುದು ಯು ಬೋಲ್ಟು. ಒಂದು ತುದಿ ಚಾಸಿಗೆ ನೇರ ಹಿಡಿದಿದ್ದರೆ ಇನ್ನೊಂದು ತುದಿ ಶಾಕಲ್ ಎಂಬ ತೂಗುವ ಕೊಂಡಿಯಲ್ಲಿರುತ್ತದೆ. ಏಕೆಂದರೆ ಹೊರೆ ಬಿದ್ದಾಗ ಬಾಗಿದ ಪಾಟಾ ಚಪ್ಪಟೆಯಾಗುತ್ತದೆ. ಚಪ್ಪಟೆಯಾದದ್ದು ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಬೇಕು.

ಬಿಡಿಯಾಗಿ ನೋಡಿದರೆ ಗಿಡ್ಡ ಪಟ್ಟಿಗಳು ಉದ್ದ ಪಟ್ಟಿಗಿಂತ ತುಸು ಹೆಚ್ಚು ಬಾಗಿರುತ್ತವೆ. ಒಂದರ ಮೇಲೊಂದು ಇಟ್ಟರೆ ನಡುವೆ ಸಂದು. ಸೆಂಟರ್ ಬೋಲ್ಟು ಬಿಗಿಯುತ್ತ ಹೋದಂತೆ ಸಂದು ಮುಚ್ಚಿ ಪಟ್ಟಿಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಕೈಕೆಲಸವೆಲ್ಲ ಇರುವುದು ಈ ಸಂದಿನಲ್ಲಿ. ಸೋತು ಚಪ್ಪಟೆಯಾದ ಪಾಟಾಕ್ಕೆ ಮತ್ತೆ ಕಮಾನು ಕೊಡಬೇಕಾದಾಗ ಒಬ್ಬರು ಪಟ್ಟಿಯನ್ನು ಅಡಿಗಲ್ಲಿನ ಮೇಲೆ ಇಂಚಿಂಚೇ ಸರಿಸುತ್ತಾರೆ, ಇನ್ನೊಬ್ಬರು ಸುತ್ತಿಗೆ ಬೀಸುತ್ತಾರೆ. ಹತ್ತು ಏಟಿಗೊಮ್ಮೆ ಪಕ್ಕದ ಪಟ್ಟಿಯ ಮೇಲಿಟ್ಟು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಅಳತೆಪಟ್ಟಿಯ ಸುದ್ದಿಯೇ ಇಲ್ಲ. ಏಟು ಒಂದೇ ಕಡೆ ಬಿದ್ದರೆ ಕಮಾನು ಹೋಗಿ ಮೊಣಕೈಯಾಗುತ್ತದೆ. ಆ ಮೊಣಕೈಯಲ್ಲೇ ಮುಂದೊಂದು ದಿನ ಪಾಟಾ ಮುರಿಯುತ್ತದೆ.

ಪಾಟಾದ ಗಣಿತವೂ ಸ್ವಾರಸ್ಯದ್ದೇ. ಬಿಗುವು ಏರುವುದು ದಪ್ಪದ ಘನದ ಲೆಕ್ಕದಲ್ಲಿ. 8 ಮಿಲಿಮೀಟರ್ ಪಟ್ಟಿಯ ಜಾಗಕ್ಕೆ 10 ಮಿಲಿಮೀಟರ್ ಪಟ್ಟಿ ಹಾಕಿದರೆ ಕಣ್ಣಿಗೆ ಕಾಣುವುದು ಎರಡೇ ಮಿಲಿಮೀಟರ್, ಬಿಗುವು ಮಾತ್ರ ಹತ್ತಿರ ಹತ್ತಿರ ದುಪ್ಪಟ್ಟು. ಒಂದೇ ದಪ್ಪದ ಆರು ಪಟ್ಟಿಯಲ್ಲಿ ಒಂದನ್ನು ತೆಗೆದರೆ ಸುಮಾರು ಆರನೇ ಒಂದು ಪಾಲು ಬಿಗುವು ಇಳಿಯುತ್ತದೆ. ಇದನ್ನು ಕಾಲೇಜಿನಲ್ಲಿ ಸೂತ್ರವಾಗಿ ಕಲಿತವರಿಗಿಂತ ಮಿಸ್ತ್ರಿಗಳು ಚೆನ್ನಾಗಿ ಬಲ್ಲರು. ತಪ್ಪಿದರೆ ಗಿರಾಕಿ ಮಾಲು ಹೇರಿಕೊಂಡೇ ವಾಪಸು ಬಂದು ಅಂಗಡಿಯ ಮುಂದೆ ನಿಲ್ಲುತ್ತಾನೆ.

ಹಳೇ ಪಿಕಪ್ಪನ್ನು ಇಳಿಸಬೇಕೆಂಬ ಹುಚ್ಚು ಹಿಡಿದವರು ಹೋಗಬೇಕಾದ್ದೂ ಇಂಥ ಕೈಗಳ ಬಳಿಗೇ. ಅತಿ ಸುಲಭದ ದಾರಿ, ಪಟ್ಟಿ ತೆಗೆಯುವುದು. ಅದು ಅತಿ ಕೆಟ್ಟ ದಾರಿಯೂ ಹೌದು. ಗಾಡಿ ಇಳಿಯುತ್ತದೆ, ಜೊತೆಗೆ ಮೆತ್ತಗೂ ಆಗಿ ಪ್ರತಿ ಕುಣಿಗೂ ಅಚ್ಚು ಚಾಸಿಗೆ ಬಡಿಯುತ್ತದೆ. ಬಿಗುವು ಉಳಿಸಿಕೊಂಡು ಎತ್ತರವಷ್ಟೇ ಕಳೆಯಬೇಕಾದರೆ ಪಟ್ಟಿಗಳ ಕಮಾನನ್ನು ಲೆಕ್ಕ ಹಾಕಿ ತಗ್ಗಿಸಬೇಕು, ಇಲ್ಲವೇ ಮೇನ್ ಪಾಟಾದ ಕಣ್ಣನ್ನು ಮೇಲ್ಮುಖವಾಗಿ ಸುತ್ತುವ ಬದಲು ಕೆಳಮುಖವಾಗಿ ಸುತ್ತಬೇಕು. ಇನ್ನೂ ದೊಡ್ಡ ಮದ್ದು ಅಚ್ಚಿನ ಜಾಗ ಬದಲಿಸುವುದು. ಬಹಳಷ್ಟು ಪಿಕಪ್‌ಗಳಲ್ಲಿ ಪಾಟಾ ಅಚ್ಚಿನ ಮೇಲೆ ಕೂತಿರುತ್ತದೆ. ಅದನ್ನು ಅಚ್ಚಿನ ಕೆಳಗೆ ತಂದರೆ ಅಚ್ಚಿನ ದಪ್ಪ, ಪಾಟಾ ಕಟ್ಟಿನ ದಪ್ಪ ಎರಡೂ ಸೇರಿ ಗಾಡಿ ಒಮ್ಮೆಗೇ ಐದಾರು ಇಂಚು ಇಳಿಯುತ್ತದೆ. ತಮಾಷೆಯೆಂದರೆ ಹಳೇ ಜೀಪಿನಲ್ಲಿ ಪಾಟಾ ಮೊದಲೇ ಅಚ್ಚಿನ ಕೆಳಗಿದೆ. ಕಾಡುಮೇಡು ತಿರುಗುವ ಜೀಪಿನ ಹುಚ್ಚರು ಅದನ್ನು ಮೇಲೆ ತಂದು ಜೀಪನ್ನು ಎತ್ತರಿಸುತ್ತಾರೆ. ಕೆಲಸ ಒಂದೇ, ದಿಕ್ಕು ಬೇರೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಅಚ್ಚು ಮೇಲೆ ಬಂದಿತೆಂದರೆ ಅದರ ತಲೆಯ ಮೇಲಿನ ಚಾಸಿಯನ್ನು ಅರ್ಧಚಂದ್ರಾಕಾರ ಕೊಯ್ದು, ಕೊಯ್ದ ಕಡೆ ದಪ್ಪ ತಗಡಿನ ಪಟ್ಟಿ ಬೆಸೆದು ಬಲ ತುಂಬಬೇಕು. ಗೇರ್‌ಬಾಕ್ಸಿನಿಂದ ಹಿಂದಿನ ಅಚ್ಚಿಗೆ ಹೋಗುವ ಶಾಫ್ಟಿನ ಓರೆ ಬದಲಾಗುತ್ತದೆ, ಅದನ್ನು ಸರಿಪಡಿಸದಿದ್ದರೆ ಕ್ರಾಸ್ ಜಾಯಿಂಟು ಗಡಗಡಿಸಿ ಕೈಕೊಡುತ್ತದೆ. ಶಾಕಪ್ ಗಿಡ್ಡದ್ದು ಬೇಕು. ಹೆಡ್‌ಲೈಟ್ ಮತ್ತೆ ಹೊಂದಿಸಬೇಕು. ಎಲ್ಲಕ್ಕಿಂತ ಜೋಕೆಯಾಗಿ ನೋಡಬೇಕಾದ್ದು ಬ್ರೇಕು. ಈಚಿನ ಹಲವು ಪಿಕಪ್‌ಗಳಲ್ಲಿ ಹಿಂದಿನ ಅಚ್ಚಿಗೆ ಒಂದು ಸಣ್ಣ ಸಲಾಕೆ ಕಟ್ಟಿರುತ್ತದೆ. ಗಾಡಿ ಎಷ್ಟು ಕುಗ್ಗಿದೆಯೆಂದು ನೋಡಿ ಅದು ಹೊರೆಯನ್ನು ಅಳೆದು, ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕೆಂದು ತೀರ್ಮಾನಿಸುತ್ತದೆ. ಗಾಡಿ ಇಳಿಸಿ ಈ ಸಲಾಕೆ ಮರೆತರೆ ಖಾಲಿ ಗಾಡಿಯನ್ನೂ ಅದು ತುಂಬಿದ ಗಾಡಿಯೆಂದೇ ತಿಳಿಯುತ್ತದೆ. ಜೋರಾಗಿ ಬ್ರೇಕ್ ತುಳಿದರೆ ಹಿಂದಿನ ಗಾಲಿ ಕಚ್ಚಿ ಗಾಡಿ ಅಡ್ಡ ತಿರುಗುತ್ತದೆ. ಹೆಚ್ಚಿಗೆ ಪಾಟಾ ಹಾಕಿ ಏರಿಸಿದವರಿಗೂ ಇದೇ ಮಾತು ಹಿಂದುಮುಂದಾಗಿ ಅನ್ವಯ: ತುಂಬಿದ ಗಾಡಿ ಖಾಲಿ ಎಂದು ತಿಳಿದು ಹಿಂದಿನ ಬ್ರೇಕು ಸೋಮಾರಿಯಾಗುತ್ತದೆ. ಏರಿಸಿದ ಗಾಡಿಗಳೇ ಹೆಚ್ಚಿರುವ ಈ ಸೀಮೆಯಲ್ಲಿ ನಿಜವಾದ ಅಪಾಯ ಅದೇ.

ಬೇಕಾದಾಗ ಏರಿ ಬೇಡವಾದಾಗ ಇಳಿಯುವ ಗಾಳಿ ಬುಗ್ಗೆಯ ದಾರಿಯೂ ಇದೆ. ಬೆಂಗಳೂರಿನಲ್ಲಿ ವೋಲ್ವೊ ಸಿಟಿ ಬಸ್ಸು ನಿಲ್ದಾಣದಲ್ಲಿ ಉಸ್ಸೆಂದು ಬಾಗಿಲ ಕಡೆಗೆ ವಾಲಿದ್ದನ್ನು ಕಂಡವರು ಈ ವಿದ್ಯೆಯನ್ನು ಕಂಡಂತೆಯೇ. ಅಗಿರೆಯ ಎಣ್ಣೆ ಪಂಪಿನ ಜಾಗದಲ್ಲಿ ಗಾಳಿ, ಅಷ್ಟೇ ಭೇದ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಭಿನ್ನವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ಎಂಬ ಬೇರೆ ನೋಂದಣಿ ಬಂದಿದೆ ನಿಜ, ಆದರೆ ಆ ಗೌರವ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರುವ ಗಾಡಿಗಷ್ಟೇ. ಚಾಸಿ ಕೊಯ್ದ ದಿನವೇ ಅದು ಕೈತಪ್ಪುತ್ತದೆ. ಕೆಎ-28ರ ಫಲಕ ಹೊತ್ತ ಹಳೇ ಪಿಕಪ್ ಮನೆಯ ಹಿತ್ತಲಲ್ಲಿದ್ದರೆ ಅದನ್ನು ಇಳಿಸುವುದಕ್ಕಿಂತ ಇದ್ದ ಹಾಗೆ ಎಬ್ಬಿಸಿ ನಿಲ್ಲಿಸುವುದು ಮೇಲು. ಊರಿಗೆ ಹತ್ತು ರಸ್ತೆ ಉಬ್ಬು, ಮಳೆಗಾಲದ ಎರಿ ಕೆಸರು, ಇವುಗಳ ನಡುವೆ ನೆಲ ಸವರುವ ಪಿಕಪ್ಪು ಎಷ್ಟು ದೂರ ಹೋದೀತು?

ಪಾಟಾ ಮಾತ್ರ ಮುರಿದರೂ ಗುಜರಿಗೆ ಬೀಳುವುದಿಲ್ಲ. ಮುರಿಯುವುದು ಹೆಚ್ಚಾಗಿ ನಡುವಿನ ತೂತಿನ ಬಳಿ, ಯು ಬೋಲ್ಟು ಸಡಿಲವಾದಾಗ. ಉಳಿದ ಎರಡು ತುಂಡುಗಳನ್ನು ಕಮ್ಮಾರರು ತೂಕದ ಲೆಕ್ಕದಲ್ಲಿ ಕೊಳ್ಳುತ್ತಾರೆ. ಸಿಲಿಕಾನ್, ಮ್ಯಾಂಗನೀಸ್ ಬೆರೆತ ಈ ಉಕ್ಕು ಹದ ಕೊಟ್ಟರೆ ಅಲಗು ಹಿಡಿಯುತ್ತದೆ, ಬೇಗ ಮೊಂಡಾಗುವುದಿಲ್ಲ. ಕೊಡಲಿ, ಕುಡಗೋಲು, ಕುಂಟೆಯ ಕುಡ ಎಲ್ಲಕ್ಕೂ ಕಮ್ಮಾರರು ಮೊದಲು ಹುಡುಕುವುದು ಲಾರಿ ಪಾಟಾವನ್ನೇ. ಜಿಲ್ಲೆಯ ತಾಂಡಾಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಗುಳೆ ಹೋಗುವ ಕುಟುಂಬಗಳು ಹಂಗಾಮು ಹತ್ತಿರ ಬಂದಾಗ ಕೊಯ್ತಾ ಎಂಬ ಕತ್ತಿ ಕೊಳ್ಳುವಾಗಲೂ ಕೇಳುವುದು ಒಂದೇ: ಇದು ಪಾಟಾದ್ದು ಹೌದೋ ಅಲ್ಲೋ?