ತೋಳಿನ ಸರದಿ ಕೊನೆಗೆ

ಆಫೀಸು ಮುಗಿಸಿ ಸಂಜೆ ನಮ್ಮ ಟೇಬಲ್ ಟೆನಿಸ್ ಕ್ಲಬ್ಬಿಗೆ ಬರುವ ಹೆಚ್ಚಿನವರ ಫೋರ್‌ಹ್ಯಾಂಡ್ ಟಾಪ್‌ಸ್ಪಿನ್ ತೋಳಿನಲ್ಲೇ ಶುರುವಾಗಿ ತೋಳಿನಲ್ಲೇ ಮುಗಿಯುತ್ತದೆ. ಚೆಂಡಿನ ತೂಕ ಬರೀ 2.7 ಗ್ರಾಂ. ‘ಅದಕ್ಕೆ ಇಷ್ಟೊಂದು ತೋಳ್ಬಲ ಯಾಕೆ ಸ್ವಾಮಿ?’ ಅಂದರೆ ನಗುತ್ತಾರೆ, ಮತ್ತೆ ಹಾಗೇ ಬೀಸುತ್ತಾರೆ.

ಟೇಬಲ್ಲಿನ ಉದ್ದ 2.74 ಮೀಟರ್, ನೆಟ್ಟಿನ ಎತ್ತರ 15.25 ಸೆಂಟಿಮೀಟರ್. ತಗ್ಗಿನಲ್ಲಿರುವ ಚೆಂಡನ್ನು ಸಪಾಟಾಗಿ ಬಾರಿಸಿದರೆ ನೆಟ್ಟಿಗೆ ಬೀಳಬೇಕು, ಇಲ್ಲವೇ ಗೋಡೆ ಸೇರಬೇಕು. ಮುಂದಕ್ಕೆ ಸುತ್ತುತ್ತ ಹೋಗುವ ಚೆಂಡನ್ನಾದರೋ ಗಾಳಿಯೇ ಕೆಳಕ್ಕೆ ಒತ್ತುತ್ತದೆ. ಅದು ನೆಟ್ಟನ್ನು ಧಾರಾಳವಾಗಿ ದಾಟಿ, ಬಾಗಿ ಇಳಿದು, ಪುಟಿದ ಮೇಲೆ ಮುನ್ನುಗ್ಗುತ್ತದೆ. ಈ ಪರಿಯ ಸ್ಪಿನ್ ಸಾಧ್ಯವಾದದ್ದು ಬ್ಯಾಟಿಗೆ ಸ್ಪಂಜು ಬಂದ ಮೇಲೆ. 1952ರಲ್ಲಿ, ನಮ್ಮ ಬಾಂಬೆಯಲ್ಲೇ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಂಜಿನ ಬ್ಯಾಟು ಹಿಡಿದು ಎಲ್ಲರನ್ನೂ ಕಂಗೆಡಿಸಿ ಗೆದ್ದರು.

ಈ ಹೊಡೆತಕ್ಕೆ ಬಲಗೈಯವರು ಬಲಗಾಲನ್ನು ತುಸು ಹಿಂದಿಟ್ಟು ಮಂಡಿ ಬಗ್ಗಿಸಬೇಕು. ಸೊಂಟ ಬಲಕ್ಕೆ ತಿರುಗಿದರೆ ಬ್ಯಾಟು ತಾನಾಗಿ ಹಿಂದೆ ಹೋಗುತ್ತದೆ, ಬೇರೆಯಾಗಿ ಎಳೆಯಬೇಕಿಲ್ಲ. ಆಮೇಲೆ ಬಲಗಾಲು ಒತ್ತಲಿ, ಸೊಂಟ ಮರಳಲಿ, ಕಡೆಗೆ ಮುಂಗೈ ಮಡಚಲಿ. ಎದುರಾಳಿ ಬ್ಲಾಕ್ ಮಾಡಿದ ಚೆಂಡಾದರೆ ಬ್ಯಾಟಿನ ಮುಖ ಮುಚ್ಚಿ ಮುಂದಕ್ಕೆ ಹೋಗಿ. ಬ್ಯಾಕ್‌ಸ್ಪಿನ್ ಇದ್ದರೆ ಮುಖ ಸ್ವಲ್ಪ ತೆರೆದು, ಮಂಡಿಯ ಮಟ್ಟದಿಂದ ಮೇಲಕ್ಕೆ ಎತ್ತಿ. ಎರಡಕ್ಕೂ ಒಂದೇ ಹೊಡೆತ ಹೊಡೆಯುವವರೇ ‘ಇವತ್ತು ಟೇಬಲ್ ಸರಿಯಿಲ್ಲ’ ಅನ್ನುವುದು.

ಹಿಡಿತ ಸಡಿಲವಾಗಿರಲಿ, ಬ್ಯಾಟು ಚೆಂಡಿಗೆ ತಾಗುವ ಗಳಿಗೆಯಲ್ಲಿ ಮಾತ್ರ ಬಿಗಿ. ನಾನು ಕಣ್ಣಿಗಿಂತ ಕಿವಿಯನ್ನು ನಂಬುತ್ತೇನೆ. ‘ಟಕ್’ ಎಂದು ಗಟ್ಟಿಯಾಗಿ ಕೇಳಿದರೆ ಚೆಂಡಿಗೆ ಏಟು ಬಿದ್ದಿದೆ, ಮೆಲುವಾಗಿ ‘ಸರ್’ ಅಂದರೆ ರಬ್ಬರು ಅದನ್ನು ಸವರಿದೆ. ಕಲಿಯುವಾಗ ಸವರುವುದೇ ಮೊದಲು, ವೇಗ ಆಮೇಲೆ.

ಚೀನಾದ ಚಾಂಪಿಯನ್ ಮಾ ಲಾಂಗ್ ಆಟ ನೋಡಿ ಅವರದೇ ಅಂಟು ಮೇಲ್ಮೈಯ ಚೀನೀ ರಬ್ಬರು ಕೊಳ್ಳುವವರಿದ್ದಾರೆ. ಆ ರಬ್ಬರು ಮೈಯ ಪೂರಾ ಬಲ ಕೇಳುತ್ತದೆ. ತೋಳೊಂದನ್ನೇ ಆಡಿಸುವವರ ಕೈಯಲ್ಲಿ ಅದು ಸತ್ತಂತಿರುತ್ತದೆ. ಇರುವ ರಬ್ಬರನ್ನೇ ಒದ್ದೆ ಸ್ಪಂಜಿನಿಂದ ಒರೆಸಿ ಧೂಳು ತೆಗೆದರೆ ಸದ್ಯಕ್ಕೆ ಸಾಕು.

ಅಭ್ಯಾಸಕ್ಕೆ ಎದುರುಗಡೆ ಒಬ್ಬರು ಸುಮ್ಮನೆ ಬ್ಲಾಕ್ ಮಾಡುತ್ತ ನಿಲ್ಲಬೇಕು. ಆ ಕೆಲಸ ಯಾರಿಗೂ ಬೇಡ. ಅದಕ್ಕೇ ನಮ್ಮಲ್ಲಿ ಐದೈದು ನಿಮಿಷದ ಪಾಳಿ. ತಪ್ಪಿಸಿಕೊಂಡವರಿಗೆ ಚೆಂಡು ಹೆಕ್ಕುವ ಕೆಲಸ.